ಮೂರನೇ ಸಾಲು

ಹತ್ತೊಂಬತ್ತು ಮಕ್ಕಳು, ಒಂದು ಹಾಡು, ಮೂರು ನಿಮಿಷ:
ಸುತ್ತೋಲೆಯಲ್ಲಿ ಇಷ್ಟೇ ಇದೆ.
ಉಳಿದದ್ದು ನನಗೆ ಬಿಟ್ಟದ್ದು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಈ ಓಣಿಯಲ್ಲಿ
ಹೊಟ್ಟಿನ ಹೊಗೆ ಎಲ್ಲರಿಗಿಂತ ಮೊದಲು
ಅಂಗನವಾಡಿಗೆ ಬಂದು ಹಾಜರಿ ಹಾಕುತ್ತದೆ.
ಮಕ್ಕಳು ಅದರ ಹಿಂದೆ, ಒಬ್ಬೊಬ್ಬರೇ, ಕೆಮ್ಮುತ್ತ.
ಹಾಗಾಗಿ ಮೊದಲು ಹೊರಬಿದ್ದವು
ಉಸಿರು ಬೇಡುವ ಹಾಡುಗಳು.
ಉದ್ದ ಎಳೆಯುವಂಥವು, ಮೇಲೆ ಮೇಲೆ ಏರುವಂಥವು,
ಎಲ್ಲ ಕಟ್ಟಿ ಅಟ್ಟಕ್ಕೆ.

ಆಮೇಲೆ ಮಳೆಯ ಹಾಡು.
ಅಂಗಳದ ತುಂಬ ಬೇಯಿಸಿದ ಭತ್ತ ಹರವಿರುವಾಗ
ಬಾ ಎಂದು ಕರೆಯುವುದು ಹೇಗೆ?
ಮೋಡ ಕಂಡರೆ ಇಲ್ಲಿ ಕೂಸುಗಳೂ ಬೈಯುತ್ತವೆ.
ಕಲಿಸಲು ಹೋದೆ ಒಮ್ಮೆ; ಅಫ್ರೋಜಾ ಎದ್ದು ನಿಂತು
"ಬ್ಯಾಡ್ರಿ ಮಿಸ್, ಅಬ್ಬಾಗೆ ಕೂಲಿ ಸಿಗಂಗಿಲ್ಲ" ಅಂದಳು.

ಆನೆಯ ಹಾಡಿನಲ್ಲಿ ಆನೆ ಒಂದೇ.
ಸೊಂಡಿಲು ತನಗೇ ಬೇಕೆಂದು
ಕೊಟ್ರೇಶಿ ಅಂಜಿನಿಯ ಕಿವಿ ಕಚ್ಚಿದ.

ಅಮ್ಮನ ಹಾಡು ಚಂದವಿತ್ತು.
ಅದರಲ್ಲಿ ಅಮ್ಮ ಮೂರು ಸಲ ಮುತ್ತಿಡುತ್ತಾಳೆ.
ಭೂಮಿಕಾಳ ತಲೆ ಬಾಚುವುದು ಅವಳ ಅಪ್ಪ,
ಬೈತಲೆ ಯಾವತ್ತೂ ಹರಿದಾಡುವ ಹಾವು.
ಆ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ
ಅಲ್ಲಾಡುವ ಬೆಂಚಿನ ಕಾಲಿಗೆ ಕೊಟ್ಟೆ.

ಮೇಲ್ವಿಚಾರಕಿ ಫೋನಿನಲ್ಲೇ ಸಿನಿಮಾ ಹಾಡು ಕಳಿಸಿದರು:
"ಈಗೆಲ್ಲಾ ಇದೇ ಓಡ್ತಿರೋದು. ಪೆನ್‌ಡ್ರೈವ್ ಹಾಕಿ,
ಮಕ್ಕಳು ತುಟಿ ಆಡಿಸಿದರೆ ಸಾಕು."
ಸಹಾಯಕಿ ದುರ್ಗಮ್ಮ ಕುಕ್ಕರಿನ ಮುಚ್ಚಳ ತಿಕ್ಕುತ್ತ
"ಬರೇ ತುಟಿ ಆಡ್ಸೋದು ಈಗ್ಲೇ ಯಾಕ್ರಿ,
ದೊಡ್ಡೋರಾದ್ಮ್ಯಾಲೆ ತಾವೇ ಕಲೀತಾವೆ" ಅಂದಳು.
ಈ ಕೋಣೆಯಲ್ಲಿ ಸುತ್ತೋಲೆಗಿಂತ ಅವಳ ಮಾತಿಗೆ ತೂಕ.

ಇನ್ನೂ ಒಂದು ತೊಡಕಿತ್ತು, ಯಾರೂ ಎತ್ತದ್ದು.
ಕಿಟಕಿಯ ಕೆಳಗೆ ಕೂರುವ ತಿಪ್ಪೇಶಿ.
ನಾಲ್ಕು ತುಂಬಿ ಮೇಲೆ ಐದು ತಿಂಗಳು, ಮಾತು ಬಂದಿಲ್ಲ.
ಕಿವಿ ಮಾತ್ರ ಚುರುಕು:
ಹಾಲಿನ ಸೈಕಲ್ಲು ತಿರುವಿಗೆ ಬರುವ ಮೊದಲೇ ಏಳುತ್ತಾನೆ.
ಕಾಯಿರಿ ಅಂದಿದ್ದಾರಂತೆ ಡಾಕ್ಟರು.
ಅವನ ತಾಯಿ ಹೊನ್ನಮ್ಮ ಕಾಯುತ್ತಿದ್ದಾಳೆ,
ಭಟ್ಟಿಯ ಮೇಲೆ ಮರಳು ಕಾಯುವ ಹಾಗೆ.

ಹೋದ ವರ್ಷ ಅವನನ್ನು ಮರ ಮಾಡಿದ್ದೆ.
ಹಸಿರು ಕಾಗದ ಸುತ್ತಿ, ಹಿಂದಿನ ಸಾಲಿನಲ್ಲಿ.
ಮರ ಒಂಚೂರೂ ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.
ಆ ಚಪ್ಪಾಳೆ ಇನ್ನೂ ಇದೆ ನನ್ನ ಗಂಟಲಲ್ಲಿ
ಭತ್ತದ ಸುಂಕಿನ ಹಾಗೆ.

ಕೊನೆಗೆ ಸಿಕ್ಕಿದ್ದು ಒಂದು ಕುಂಟು ಹಾಡು,
ತರಬೇತಿಯ ಕಾಲದ ಡೈರಿಯಲ್ಲಿ.

ಬುಟ್ಟಿಯ ಮೊಟ್ಟೆಗೆ ಕಿವಿ ಕೊಟ್ಟೆ
ಒಳಗಡೆ ಯಾರೋ ತಟ್ಟಿದರು

ಮೂರನೇ ಸಾಲನ್ನು ಇಲಿ ತಿಂದಿತ್ತು.
ನಾಲ್ಕನೆಯದರಲ್ಲಿ ಚಿಂವ್ ಎನ್ನುತ್ತ ಮರಿ ಹೊರಗೆ.

ತೂತಿಗೆ ತೇಪೆ ಹಾಕಲು ಮೂರು ರಾತ್ರಿ ಕೂತೆ.
ಪ್ರಾಸ ಬಂತು, ಹೋಯಿತು, ಯಾವುದೂ ಹೊಂದಲಿಲ್ಲ.
ಸಾಕಾಗಿ, ಆ ಜಾಗದಲ್ಲಿ ಸುಮ್ಮನೆ
ನಾಲ್ಕು ಎಣಿಸಿರಿ ಮಕ್ಕಳೇ, ಅಂದೆ.

ಎಲ್ಲಿಯ ಸುಮ್ಮನೆ!
ಎರಡಕ್ಕೇ ಕೊಟ್ರೇಶಿಯ ಮರಿ ಕಿರುಚಿಕೊಂಡು ಹೊರಗೆ,
ಮೂರಕ್ಕೆ ಅಫ್ರೋಜಾಳ ನಗು.
ಒಳಗೆ ಯಾರೋ ಇದ್ದಾರೆಂದು ಗೊತ್ತಾದ ಮೇಲೆ
ಅಂಜಿನಿ ಎರಡು ದಿನ ಮಧ್ಯಾಹ್ನದ ಮೊಟ್ಟೆ ಮುಟ್ಟಲಿಲ್ಲ.

ಬುಧವಾರ ನೋಡಿದೆ:
ಕಿಟಕಿಯ ಕೆಳಗೆ ತುಟಿಯ ಮೇಲೆ ಬೆರಳಿಟ್ಟು ತಿಪ್ಪೇಶಿ.
ಒಂದು. ಎರಡು. ಮೂರು.
ನಾಲ್ಕಕ್ಕೆ ಸರಿಯಾಗಿ ಬೆರಳು ತೆಗೆದ.
ಮತ್ತೆ ಹಾಡಿಸಿದೆ. ಮತ್ತೆ ಅಷ್ಟೇ, ಕೂದಲೆಳೆಯೂ ಆಚೀಚೆ ಇಲ್ಲ.

ಈಗ ಹದಿನೆಂಟು ಮಂದಿಯೂ ಅವನ ಬೆರಳು ನೋಡುತ್ತಾರೆ.
ಆ ನಾಲ್ಕು ಎಣಿಕೆಯಲ್ಲಿ
ಹಿಂದಿನ ಭಟ್ಟಿಯ ಜರಡಿ ಕೇಳುತ್ತದೆ,
ಬಿಸಿ ಮರಳಲ್ಲಿ ಮಂಡಕ್ಕಿ ಅರಳುವುದೂ.

ನಿನ್ನೆ ಸಂಜೆ ಹೊನ್ನಮ್ಮ ಬಾಗಿಲಲ್ಲಿ ನಿಂತು
ಸೆರಗಿನ ಮರಳು ಕೊಡವುತ್ತ ಕೇಳಿದಳು:
"ನಮ್ ಹುಡ್ಗಂದು ಈ ಸಲ ಯಾವ ಸಾಲ್ರೀ?"
ಮೂರನೇದು, ಅಂದೆ.

ನಾನು ನಿಲ್ಲಿಸಿದ್ದು ಎರಡೇ ಸಾಲು.
ಅವಳು ಎಣಿಸಿದಳು,
ಮತ್ತೊಮ್ಮೆ ಎಣಿಸಿದಳು.